ಕಬ್ಬಿಣ ಹಾಕದ ಫ್ಲಾಸ್ಕು

ಈ ವರ್ಷ ರಸಾಯನಶಾಸ್ತ್ರದಲ್ಲಿ ಸಂಶೋಧನೆಗೆ ಸೇರಿರುವ ವಿದ್ಯಾರ್ಥಿ ಮಿತ್ರರಿಗೆ,



ನಿಮ್ಮಲ್ಲಿ ಹಲವರ ಸಂಶೋಧನಾ ಪ್ರಸ್ತಾವನೆಗಳನ್ನು ಈಚೆಗೆ ಓದುವ ಅವಕಾಶ ಸಿಕ್ಕಿತು. ಬಹುಪಾಲು ಪ್ರಸ್ತಾವನೆಗಳ ಮೊದಲ ಪುಟದಲ್ಲೇ ಒಂದು ಮಾತಿತ್ತು: ಪಲ್ಲೇಡಿಯಂ, ಪ್ಲಾಟಿನಂ, ರೋಡಿಯಂನಂಥ ದುಬಾರಿ ಲೋಹಗಳನ್ನು ಬಿಟ್ಟು ಕಬ್ಬಿಣ, ಮ್ಯಾಂಗನೀಸ್, ನಿಕ್ಕಲ್, ತಾಮ್ರದಂಥ ಹೇರಳವಾಗಿ ಸಿಗುವ ಲೋಹಗಳಿಂದ ವೇಗವರ್ಧಕ ಮಾಡುತ್ತೇವೆ, ಅದರಿಂದ ರಸಾಯನ ಉದ್ಯಮ ಹಸಿರಾಗುತ್ತದೆ ಎಂದು. ಓದಿ ಖುಷಿಯಾಯಿತು. ಓದುತ್ತ ಹೋದಂತೆ ಒಂದು ಕಳವಳವೂ ಹುಟ್ಟಿತು. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಹೇಳುವುದಕ್ಕಿಂತ ಎಲ್ಲರಿಗೂ ಒಟ್ಟಿಗೆ ಬರೆಯೋಣ ಅನ್ನಿಸಿತು.

ಕಳವಳ ಇಷ್ಟೇ. ‘ಕಬ್ಬಿಣ’ ಎಂದು ಬರೆದ ಕೂಡಲೇ ಅದರ ಪಕ್ಕದಲ್ಲಿ ‘ಹಸಿರು’ ಎಂಬ ಮಾತು ತಾನಾಗಿಯೇ ಬಂದು ಕೂರುತ್ತಿದೆ. ಆ ಎರಡು ಮಾತುಗಳ ನಡುವೆ ಮಾಡಬೇಕಾದ ಲೆಕ್ಕವೊಂದಿದೆ, ಒದಗಿಸಬೇಕಾದ ಸಾಕ್ಷಿಯೊಂದಿದೆ. ಅದನ್ನು ಮಾಡದೆ ನಾನು ಹಿಂದೆ ಒಂದು ವರ್ಷ ಕಳೆದುಕೊಂಡಿದ್ದೇನೆ. ನೀವು ಕಳೆದುಕೊಳ್ಳಬಾರದು.

ಇಪ್ಪತ್ತು ವರ್ಷಕ್ಕೂ ಮಿಕ್ಕಿ ನಾನು ಔಷಧ ಕಾರ್ಖಾನೆಗಳ ಪ್ರೊಸೆಸ್ ವಿಭಾಗದಲ್ಲಿ ದುಡಿದವನು. ಲ್ಯಾಬಿನಲ್ಲಿ ಗ್ರಾಂ ಲೆಕ್ಕದಲ್ಲಿ ನಡೆದದ್ದನ್ನು ರಿಯಾಕ್ಟರಿನಲ್ಲಿ ಕ್ವಿಂಟಲ್ ಲೆಕ್ಕಕ್ಕೆ ಏರಿಸುವುದು ನಮ್ಮ ಕೆಲಸ. ಇದ್ದಿಲಿನ ಮೇಲೆ ಕೂರಿಸಿದ ಪಲ್ಲೇಡಿಯಂ ಅಲ್ಲಿ ದಿನನಿತ್ಯದ ಸಾಮಾನು. ನೋಡಲು ಕಾಡಿಗೆಯಂಥ ಕಪ್ಪು ಪುಡಿ. ಕ್ರಿಯೆ ಮುಗಿದ ಮೇಲೆ ಅದನ್ನು ಸೋಸುವಾಗ ಫಿಲ್ಟರನ್ನು ಒಣಗಲು ಬಿಡುವಂತಿಲ್ಲ. ಹೈಡ್ರೋಜನ್ ಹೀರಿದ ಪುಡಿ, ಮೆಥನಾಲಿನ ಆವಿ, ಗಾಳಿ ಇಷ್ಟು ಸೇರಿದರೆ ಸಾಕು, ಕಿಡಿಯೂ ಬೇಡ, ತಾನೇ ಹೊತ್ತಿಕೊಳ್ಳುತ್ತದೆ. ಆದ್ದರಿಂದ ನೀರು ಚಿಮುಕಿಸುತ್ತ, ಒದ್ದೆ ಇರುವಾಗಲೇ ಡಬ್ಬಿಗೆ ತುಂಬಿ, ತೂಕ ಬರೆದು, ಬೀಗ ಹಾಕಿ, ಲೋಹ ಮರಳಿ ತೆಗೆಯುವವರಿಗೆ ಕಳಿಸಬೇಕು. ಬಂದ ತೂಕಕ್ಕೂ ಹೋದ ತೂಕಕ್ಕೂ ತಾಳೆಯಾಗದಿದ್ದರೆ ಚಿನ್ನದಂಗಡಿಯಲ್ಲಿ ನಡೆಯುವಂಥದೇ ವಿಚಾರಣೆ. 2022ರ ಮಾರ್ಚಿನಲ್ಲಿ ಪಲ್ಲೇಡಿಯಂ ಒಂದು ಔನ್ಸಿಗೆ, ಎಂದರೆ ಸುಮಾರು 31 ಗ್ರಾಮಿಗೆ, 3000 ಡಾಲರ್ ದಾಟಿತ್ತು. ಅದಕ್ಕೂ ಒಂದು ವರ್ಷ ಮೊದಲು ರೋಡಿಯಂ 30000 ಡಾಲರಿನ ಹತ್ತಿರಕ್ಕೆ ಹೋಗಿ ಬಂದಿತ್ತು.

ಇಂಥ ಲೋಹಗಳಿಂದ ಬಿಡಿಸಿಕೊಳ್ಳಬೇಕೆಂಬ ನಿಮ್ಮ ಆಸೆ ನೂರಕ್ಕೆ ನೂರು ಸರಿ. ಭೂಮಿಯ ಹೊರಪದರದ ಒಂದು ಟನ್ ಕಲ್ಲುಮಣ್ಣು ತೆಗೆದುಕೊಂಡರೆ, ಸರಾಸರಿ ಲೆಕ್ಕದಲ್ಲಿ, ಅದರಲ್ಲಿ ಕಬ್ಬಿಣ 50 ಕೆಜಿಗೂ ಹೆಚ್ಚು. ಮ್ಯಾಂಗನೀಸ್ ಒಂದು ಕೆಜಿಗೆ ಸ್ವಲ್ಪ ಕಡಿಮೆ. ಪಲ್ಲೇಡಿಯಂ ಸುಮಾರು 15 ಮಿಲಿಗ್ರಾಂ. ರೋಡಿಯಂ, ಇರಿಡಿಯಂ ಒಂದೊಂದು ಮಿಲಿಗ್ರಾಮಿನ ಆಸುಪಾಸು. ಅಷ್ಟು ವಿರಳವಾದದ್ದನ್ನು ಅಗೆದು, ಅರೆದು, ಬೇರ್ಪಡಿಸಿ ಶುದ್ಧ ಮಾಡಲು ಸುರಿಯುವ ಶಕ್ತಿಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಒಂದು ಕೆಜಿ ಪಲ್ಲೇಡಿಯಂ ತಯಾರಾಗುವಷ್ಟರಲ್ಲಿ ಸುಮಾರು 3900 ಕೆಜಿ ಇಂಗಾಲದ ಡೈಆಕ್ಸೈಡಿಗೆ ಸಮನಾದ ಹೊರೆ ಗಾಳಿಗೆ ಸೇರುತ್ತದೆ. ಒಂದು ಕೆಜಿ ಕಬ್ಬಿಣಕ್ಕೆ ಒಂದೂವರೆ ಕೆಜಿ. ಸಿಗುವ ಜಾಗಗಳೂ ಎಣಿಸಿದಷ್ಟೇ. ಜಗತ್ತಿನ ಪಲ್ಲೇಡಿಯಂನಲ್ಲಿ ಬಹುಪಾಲು ಬರುವುದು ರಷ್ಯಾದಿಂದ ಮತ್ತು ದಕ್ಷಿಣ ಆಫ್ರಿಕಾದಿಂದ. ಅಲ್ಲಿ ಯುದ್ಧವೋ ಮುಷ್ಕರವೋ ಆದರೆ ಇಲ್ಲಿ ಮಾತ್ರೆಯ ಬೆಲೆ ಅಲುಗಾಡುತ್ತದೆ.

ಆದರೆ ಕಬ್ಬಿಣವನ್ನು ಬಡವರ ಪಲ್ಲೇಡಿಯಂ ಎಂದು ಭಾವಿಸಿ ಕೆಲಸಕ್ಕೆ ಇಳಿಯಬೇಡಿ. ಒಂದು ಪ್ರಸ್ತಾವನೆಯಲ್ಲಿ ‘ಬದಲಿ ಲೋಹ’ ಎಂಬ ಪದ ಮತ್ತೆ ಮತ್ತೆ ಬಂದಿತ್ತು. ಮನುಷ್ಯ ನಡೆಸುವ ಅತಿ ದೊಡ್ಡ ರಾಸಾಯನಿಕ ಕ್ರಿಯೆಗಳಲ್ಲಿ ಒಂದು ನೂರಕ್ಕೂ ಹೆಚ್ಚು ವರ್ಷಗಳಿಂದ ಕಬ್ಬಿಣದ ಮೇಲೆಯೇ ನಿಂತಿದೆ. ಆ ಕಥೆಯನ್ನು ನೀವು ಪಠ್ಯದಲ್ಲಿ ಎರಡು ಸಾಲಿನಲ್ಲಿ ಓದಿರುತ್ತೀರಿ. ಅದನ್ನು ಪೂರ್ತಿ ಕೇಳಬೇಕು.

1909ರ ಜುಲೈ 2ರಂದು ಜರ್ಮನಿಯ ಕಾರ್ಲ್ಸ್‌ರೂಹೆಯಲ್ಲಿ ಫ್ರಿಟ್ಸ್ ಹಾಬರ್ ತಮ್ಮ ಪುಟ್ಟ ಉಪಕರಣವನ್ನು ತೋರಿಸಲು ಬಿಎಎಸ್‌ಎಫ್ ಕಂಪನಿಯವರನ್ನು ಕರೆದಿದ್ದರು. ನೈಟ್ರೋಜನ್ ಮತ್ತು ಹೈಡ್ರೋಜನ್ ಕೂಡಿಸಿ ಅಮೋನಿಯಾ ಮಾಡುವ ಉಪಕರಣ. ಒಳಗಿದ್ದ ವೇಗವರ್ಧಕ ಆಸ್ಮಿಯಂ. ಹೆಚ್ಚಿನ ಒತ್ತಡಕ್ಕೆ ಬೋಲ್ಟೊಂದು ಕೈಕೊಟ್ಟು ಗಂಟೆಗಟ್ಟಲೆ ತಡವಾಯಿತು. ಕಂಪನಿಯಿಂದ ಬಂದಿದ್ದ ಕಾರ್ಲ್ ಬಾಷ್ ಹೊರಟುಹೋದರು. ಜೊತೆಗೆ ಬಂದಿದ್ದ ಆಲ್ವಿನ್ ಮಿಟಾಷ್ ಉಳಿದುಕೊಂಡರು, ಅಮೋನಿಯಾ ಹನಿ ಹನಿಯಾಗಿ ಕೂಡುವುದನ್ನು ಕಣ್ಣಾರೆ ಕಂಡರು. ಕಂಪನಿ ಜಗತ್ತಿನಲ್ಲಿ ಆಗ ಸಿಗುತ್ತಿದ್ದ ಆಸ್ಮಿಯಂ ಅನ್ನು ಹೆಚ್ಚೂಕಡಿಮೆ ಪೂರ್ತಿಯಾಗಿ ಕೊಂಡಿತು. ಅದು ಒಟ್ಟು ಸುಮಾರು 100 ಕೆಜಿ. ಅಷ್ಟರಲ್ಲಿ ಲೋಕಕ್ಕೆ ಬೇಕಾದ ಗೊಬ್ಬರ ಮಾಡಲು ಆಗದು ಎಂಬುದು ಎಲ್ಲರಿಗೂ ಗೊತ್ತಿತ್ತು.

ಮಿಟಾಷ್ ಹುಡುಕಾಟಕ್ಕೆ ಕೂತರು. ಕೆಲವೇ ಗ್ರಾಂ ಹಿಡಿಯುವ, ಬೇಗ ಬದಲಾಯಿಸಬಹುದಾದ ಕೊಳವೆಗಳನ್ನು ಮಾಡಿಸಿ, ಸಿಕ್ಕ ಸಿಕ್ಕ ಲೋಹ, ಖನಿಜ, ಮಿಶ್ರಣಗಳನ್ನೆಲ್ಲ ಒಂದೊಂದಾಗಿ ಪರೀಕ್ಷಿಸಿದರು. ಶುದ್ಧ ಕಬ್ಬಿಣ ಕೈಹಿಡಿಯಲಿಲ್ಲ. ಅದೇ ವರ್ಷದ ನವೆಂಬರಿನಲ್ಲಿ ಸ್ವೀಡನ್ನಿನ ಗೆಲ್ಲಿವಾರೆ ಗಣಿಯಿಂದ ಬಂದ ಮ್ಯಾಗ್ನಟೈಟ್ ಅದಿರಿನ ಒಂದು ಚೂರು ಯಾರೂ ಎಣಿಸದಷ್ಟು ಅಮೋನಿಯಾ ಕೊಟ್ಟಿತು. ಶುದ್ಧ ಕಬ್ಬಿಣದಲ್ಲಿ ಇಲ್ಲದ್ದು ಈ ಅದಿರಿನಲ್ಲಿ ಏನಿದೆ? ಅದರಲ್ಲಿದ್ದ ಕಲಬೆರಕೆಗಳೇ ಉತ್ತರವಾಗಿದ್ದವು. ಅಲ್ಯುಮಿನಾ, ಪೊಟ್ಯಾಷ್, ಸುಣ್ಣ ಇವು ಸರಿಯಾದ ಪ್ರಮಾಣದಲ್ಲಿ ಸೇರಿದಾಗ ಕಬ್ಬಿಣ ಆಸ್ಮಿಯಂಗೆ ಹೆಗಲೆಣೆಯಾಯಿತು. 1912ರ ಹೊತ್ತಿಗೆ ಸುಮಾರು 2500 ಮಿಶ್ರಣಗಳು, 6500 ಪ್ರಯೋಗಗಳು ಆಗಿದ್ದವು. 1913ರಲ್ಲಿ ಓಪ್ಪೌದಲ್ಲಿ ಕಾರ್ಖಾನೆ ಶುರುವಾಯಿತು. ಇವತ್ತಿಗೂ ಅಮೋನಿಯಾ ಗೋಪುರಗಳೊಳಗೆ ತುಂಬುವುದು ಬಹುಮಟ್ಟಿಗೆ ಅದೇ ಪಾಕ; ಒಮ್ಮೆ ತುಂಬಿದರೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬಾಳುತ್ತದೆ. ಕುದುರೆಮುಖದಲ್ಲಿ 2005ರ ಕೊನೆಯವರೆಗೂ ಅಗೆದು, ಕೆಸರು ಮಾಡಿ, ಕೊಳವೆಯಲ್ಲಿ ಘಟ್ಟ ಇಳಿಸಿ ಪಣಂಬೂರಿಗೆ ತರುತ್ತಿದ್ದದ್ದೂ ಇದೇ ಜಾತಿಯ ಅದಿರು. ಅದೇ ಪಣಂಬೂರಿನಲ್ಲಿ ನಮ್ಮ ರಾಜ್ಯದ ಅಮೋನಿಯಾ ಮತ್ತು ಯೂರಿಯಾ ಕಾರ್ಖಾನೆಯೂ ಇದೆ.

ಹಾಗಾದರೆ ಅಮೋನಿಯಾ ಉದ್ಯಮ ಹಸಿರೇ? ಖಂಡಿತ ಅಲ್ಲ. ಅದಕ್ಕೆ ಬೇಕಾದ ಹೈಡ್ರೋಜನ್ ಬರುವುದು ಹೆಚ್ಚಾಗಿ ನೈಸರ್ಗಿಕ ಅನಿಲದಿಂದ, ಕಲ್ಲಿದ್ದಲಿನಿಂದ. ಒತ್ತಡ, ಕಾವು ಎರಡೂ ವಿಪರೀತ. ಜಗತ್ತಿನ ಒಟ್ಟು ಇಂಗಾಲದ ಡೈಆಕ್ಸೈಡಿನಲ್ಲಿ ನೂರಕ್ಕೆ ಒಂದಕ್ಕೂ ಹೆಚ್ಚು ಪಾಲು ಈ ಒಂದೇ ಉದ್ಯಮದ್ದು. ವೇಗವರ್ಧಕ ಇದಕ್ಕಿಂತ ಅಗ್ಗವಾಗಲು ಸಾಧ್ಯವಿಲ್ಲ, ಆದರೂ ಕ್ರಿಯೆ ಹಸಿರಾಗಲಿಲ್ಲ. ನಿಮ್ಮ ಪ್ರಸ್ತಾವನೆಯ ಮೊದಲ ಪುಟ ಬರೆಯುವಾಗ ಈ ಉದಾಹರಣೆ ಕಣ್ಣೆದುರಿಗೆ ಇರಲಿ.

ಇನ್ನು, ಈ ಅಗ್ಗದ ಲೋಹಗಳು ಪಳಗುವುದು ಯಾಕೆ ಇಷ್ಟು ಕಷ್ಟ ಎಂಬುದು ನಿಮಗೆ ಗೊತ್ತಿರುವುದೇ. ಪಲ್ಲೇಡಿಯಂ ಎರಡೆರಡು ಎಲೆಕ್ಟ್ರಾನುಗಳ ವ್ಯವಹಾರ ಮಾಡುತ್ತದೆ. ಒಂದು ಬಂಧ ಮುರಿದು, ಇನ್ನೊಂದು ಕೂಡಿಸಿ, ತಾನು ಮೊದಲಿದ್ದ ಸ್ಥಿತಿಗೆ ಅಚ್ಚುಕಟ್ಟಾಗಿ ಮರಳುತ್ತದೆ. ಕಬ್ಬಿಣ, ಕೋಬಾಲ್ಟುಗಳು ಒಂದೊಂದೇ ಎಲೆಕ್ಟ್ರಾನ್ ಕೊಡಲು ತೆಗೆದುಕೊಳ್ಳಲು ಸದಾ ಸಿದ್ಧ. ಅದರಿಂದ ಅರ್ಧ ದಾರಿಯಲ್ಲೇ ರಾಡಿಕಲ್‌ಗಳು ಹುಟ್ಟಿ, ಬೇಡದ ಕಡೆಗೆಲ್ಲ ಹೋಗಿ ಕೂಡುತ್ತವೆ. ಜೇ ಕೋಚಿ 1971ರಲ್ಲೇ ಕಬ್ಬಿಣದ ಉಪ್ಪಿನಿಂದ ಇಂಗಾಲಕ್ಕೆ ಇಂಗಾಲ ಜೋಡಿಸಿ ತೋರಿಸಿದ್ದರು. ಆಮೇಲೆ ಪಲ್ಲೇಡಿಯಂನ ಭರಾಟೆ ಶುರುವಾಗಿ ಅದು 2010ರ ನೊಬೆಲ್‌ವರೆಗೂ ಹೋಯಿತು. ಕೋಚಿಯವರ ಕಬ್ಬಿಣ ಇಪ್ಪತ್ತೈದು ಮೂವತ್ತು ವರ್ಷ ಮೂಲೆಯಲ್ಲಿ ಬಿದ್ದಿತ್ತು. ಅದನ್ನು ಮತ್ತೆ ಎಬ್ಬಿಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ ಫ್ರಾನ್ಸಿನಲ್ಲಿ, ಎನ್‌ಎಂಪಿ ಎಂಬ ದ್ರಾವಕ ಬೆರೆಸಿದರೆ ಇಳುವರಿ ಏರುತ್ತದೆ ಎಂದು ಕಂಡುಕೊಂಡಾಗ. ಈಗ ಅದೇ ಎನ್‌ಎಂಪಿ ಹುಟ್ಟುವ ಮಗುವಿಗೆ ಹಾನಿ ಮಾಡಬಲ್ಲದೆಂದು ಯುರೋಪಿನ ನಿರ್ಬಂಧಿತ ಪಟ್ಟಿಯಲ್ಲಿದೆ. ಲೋಹದಲ್ಲಿ ಗಳಿಸಿದ್ದು ದ್ರಾವಕದಲ್ಲಿ ಸೋರಿಹೋಗುವುದು ಹೀಗೆ. ಔಷಧ ತಯಾರಿಕೆಯಲ್ಲಿ ಬಳಕೆಯಾಗುವ ಒಟ್ಟು ಸಾಮಗ್ರಿಯ ತೂಕದಲ್ಲಿ ಅರ್ಧಕ್ಕಿಂತ ಹೆಚ್ಚು ದ್ರಾವಕವೇ ಇರುತ್ತದೆ. ವೇಗವರ್ಧಕದ ಪಾಲು ಚಿಟಿಕೆಯಷ್ಟು.

ಈಗ ನನ್ನ ಕಳೆದುಹೋದ ವರ್ಷದ ಮಾತು.

ಒಂದು ಔಷಧದ ತಯಾರಿಕೆಯಲ್ಲಿ ಇಂಗಾಲ ಮತ್ತು ನೈಟ್ರೋಜನ್ ನಡುವೆ ಬಂಧ ಕೂಡಿಸುವ ಹಂತವಿತ್ತು. ಅಲ್ಲಿಯವರೆಗೆ ಪಲ್ಲೇಡಿಯಂ ಬಳಸುತ್ತಿದ್ದೆವು. ನಾನು ಮತ್ತು ನನ್ನ ಸಹೋದ್ಯೋಗಿ ಅದರ ಜಾಗದಲ್ಲಿ ಫೆರಿಕ್ ಕ್ಲೋರೈಡ್ ಹಾಕಿ ನೋಡಿದೆವು. ಎರಡನೇ ವಾರದಲ್ಲೇ ನೂರಕ್ಕೆ ಎಂಬತ್ತರ ಮೇಲೆ ಇಳುವರಿ ಬಂತು. ಆ ದಿನದ ಸಂಭ್ರಮ ಇನ್ನೂ ನೆನಪಿದೆ. ಪಲ್ಲೇಡಿಯಂ ಡಬ್ಬಿಗೆ ಬೀಗ ಹಾಕುವ ಕೆಲಸವೇ ಇನ್ನಿಲ್ಲ ಎಂದುಕೊಂಡೆವು. ಬಾಟಲಿ ಖಾಲಿಯಾಯಿತು, ಹೊಸದು ತರಿಸಿದೆವು. ಹೊಸದು ಹಳೆಯದಕ್ಕಿಂತ ಶುದ್ಧ, ಬೆಲೆಯೂ ಹೆಚ್ಚು. ಕ್ರಿಯೆ ನಡೆಯಲಿಲ್ಲ.

ಅದು ಮಳೆಗಾಲ. ನೀರಿಲ್ಲದ ಫೆರಿಕ್ ಕ್ಲೋರೈಡನ್ನು ನೀವು ತೂಗಿದ್ದರೆ ಬಲ್ಲಿರಿ: ಬಾಟಲಿಯಲ್ಲಿ ಹಸಿರು ಮಿನುಗುವ ಕರಿ ಹರಳು, ಬಟರ್ ಪೇಪರಿನ ಮೇಲೆ ಹಾಕಿ ಎರಡು ನಿಮಿಷ ಬಿಟ್ಟರೆ ಅಂಚಿನಲ್ಲಿ ಬೆವರಿ, ಕಂದು ಕೆಸರಾಗಿ ಕಾಗದಕ್ಕೆ ಅಂಟುತ್ತದೆ. ನಾವು ತೇವವನ್ನೇ ಅಪರಾಧಿ ಮಾಡಿದೆವು. ದ್ರಾವಕವನ್ನು ಮತ್ತೆ ಮತ್ತೆ ಒಣಗಿಸಿದೆವು, ಫ್ಲಾಸ್ಕುಗಳನ್ನು ರಾತ್ರಿಯಿಡೀ ಒಲೆಯಲ್ಲಿಟ್ಟೆವು, ನೈಟ್ರೋಜನ್ ಸಿಲಿಂಡರು ಬದಲಾಯಿಸಿದೆವು. ಒಮ್ಮೆ ಇಳುವರಿ ನೂರಕ್ಕೆ ಹತ್ತು, ಒಮ್ಮೆ ಸೊನ್ನೆ. ಮಳೆ ಹೋಗಿ ಚಳಿ ಬಂತು. ಕೊನೆಗೆ ಹಳೆಯ ಬಾಟಲಿಯ ತಳದಲ್ಲಿ ಉಳಿದಿದ್ದ ಚೂರನ್ನು ಕೆರೆದು ಲೋಹಾಂಶ ಪರೀಕ್ಷೆಗೆ ಕಳಿಸಿದೆವು. ಅದರಲ್ಲಿ ಹತ್ತು ಲಕ್ಷ ಭಾಗಕ್ಕೆ ಕೆಲವು ಹತ್ತರಷ್ಟು ತಾಮ್ರ ಇತ್ತು. ಹೊಸ ಬಾಟಲಿಯಲ್ಲಿ ಇರಲಿಲ್ಲ. ಹೊಸದಕ್ಕೆ ಅಷ್ಟೇ ತಾಮ್ರವನ್ನು ಬೇಕೆಂದೇ ಬೆರೆಸಿದ ದಿನ ಎಂಬತ್ತರ ಇಳುವರಿ ಮರಳಿ ಬಂತು. ನಾವು ಕಬ್ಬಿಣದ ಹೆಸರಿನಲ್ಲಿ ಬರೆದಿಟ್ಟ ಇಡೀ ಒಂದು ನೋಟ್‌ಬುಕ್ಕು ತಾಮ್ರದ್ದಾಗಿತ್ತು.

ಕೆಲಸ ಕೆಟ್ಟದ್ದು ಪೂರೈಕೆದಾರರಿಂದಲೂ ಅಲ್ಲ, ಮಳೆಯಿಂದಲೂ ಅಲ್ಲ. ಒಂದೇ ಬಾಟಲಿಯನ್ನು ನಂಬಿ ವರದಿ ಬರೆದದ್ದು ನಮ್ಮ ತಪ್ಪು. 2009ರಲ್ಲಿ ಸ್ಟೀಫನ್ ಬುಕ್‌ವಾಲ್ಡ್ ಮತ್ತು ಕಾರ್ಸ್ಟೆನ್ ಬೋಲ್ಮ್ ಸೇರಿ ಇದೇ ವಿಷಯವನ್ನು ಪ್ರಕಟಿಸಿದರು: ಕಬ್ಬಿಣದಿಂದ ನಡೆಯುತ್ತದೆಂದು ನಂಬಿದ್ದ ಕೆಲವು ಜೋಡಣೆಗಳ ಹಿಂದೆ ಇದ್ದದ್ದು ಫೆರಿಕ್ ಕ್ಲೋರೈಡಿನ ಜೊತೆ ಬಂದ ತಾಮ್ರದ ಕಣ. ಇದರಲ್ಲಿ ನನಗೆ ಇಂದಿಗೂ ಗೌರವ ಹುಟ್ಟಿಸುವ ಸಂಗತಿ ಬೇರೆ. ಆ ಕಬ್ಬಿಣದ ಕ್ರಿಯೆಗಳನ್ನು ಮೊದಲು ಪ್ರಕಟಿಸಿದ್ದು ಬೋಲ್ಮ್ ಅವರ ಗುಂಪೇ. ತಮ್ಮದೇ ಕೆಲಸದ ಮೇಲೆ ತಾವೇ ನಿಂತು ಹೀಗಾಗಿದೆ ನೋಡಿ ಎಂದು ಬರೆದರು. ಆಮೇಲೆ, 2021ರಲ್ಲಿ, ಲೋಹವೇ ಬೇಡದ ಸುಜುಕಿ ಜೋಡಣೆ ಎಂದು ಪ್ರಸಿದ್ಧ ಪತ್ರಿಕೆಯೊಂದರಲ್ಲಿ ಬಂದ ಪ್ರಬಂಧವನ್ನು ಅದೇ ವರ್ಷ ಹಿಂತೆಗೆದುಕೊಂಡರು; ಕೆಲಸ ಮಾಡಿದ್ದು ಅಡಗಿ ಕುಳಿತಿದ್ದ ಪಲ್ಲೇಡಿಯಂ. ಕಾಂತದ ಮೇಲೆ ತಿರುಗುವ ಆ ಬಿಳಿ ಕಡ್ಡಿ ಇದೆಯಲ್ಲ, ಹಲವು ವರ್ಷ ಬಳಸಿದ ಕಡ್ಡಿಯ ಗೀರುಗಳಲ್ಲೂ ಪಲ್ಲೇಡಿಯಂ ಉಳಿದಿರುತ್ತದೆ, ಎಷ್ಟು ತೊಳೆದರೂ ಪೂರ್ತಿ ಹೋಗದು.

ಲೆಕ್ಕದ ಇತರ ಕಲಮುಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಲೋಹ ಅಗ್ಗವಾಗಿದ್ದರೂ ಅದರ ಕೈಹಿಡಿದು ನಡೆಸುವ ಲಿಗಾಂಡ್ ಅಗ್ಗವಾಗಿರಬೇಕೆಂದಿಲ್ಲ. ಹತ್ತು ಹಂತದಲ್ಲಿ ಕಟ್ಟಿದ ಲಿಗಾಂಡಿಗೆ ಕಬ್ಬಿಣ ಸೇರಿಸಿ, ನೂರು ಅಣುವಿಗೆ ಹತ್ತರಂತೆ ಸುರಿದರೆ, ಹತ್ತು ಸಾವಿರಕ್ಕೆ ಒಂದರಂತೆ ಹಾಕುವ ಪಲ್ಲೇಡಿಯಂ ಎದುರು ಅದು ಸೋಲುತ್ತದೆ. ಸೋಲದ ಉದಾಹರಣೆಗಳೂ ಇವೆ. ಸಿಲಿಕೋನ್ ಉದ್ಯಮದಲ್ಲಿ ಪ್ಲಾಟಿನಂ ವೇಗವರ್ಧಕ ಗಟ್ಟಿಯಾದ ಸಿಲಿಕೋನಿನೊಳಗೇ ಸಿಕ್ಕಿಕೊಂಡು ಕಾಯಂ ಆಗಿ ಕಳೆದುಹೋಗುತ್ತದೆ. 2012ರಲ್ಲಿ ಪ್ರಿನ್ಸ್‌ಟನ್‌ನ ಪಾಲ್ ಚಿರಿಕ್ ಅವರ ತಂಡ ಅದೇ ಕೆಲಸವನ್ನು ಕಬ್ಬಿಣದಿಂದ, ಇನ್ನಷ್ಟು ಆಯ್ದು ನಡೆಯುವಂತೆ, ಮಾಡಿ ತೋರಿಸಿತು. ಮರಳಿ ಸಿಗದ ಜಾಗದಲ್ಲಿ ಅಗ್ಗದ ಲೋಹ ಹಾಕುವುದು ಎಲ್ಲ ರೀತಿಯಿಂದಲೂ ಸರಿ. ಶುರುಮಾಡಲು ಇಂಥ ಜಾಗ ಹುಡುಕಿ.

ವಿಷದ ಲೆಕ್ಕವನ್ನೂ ಹಾಕಿ. ನುಂಗುವ ಔಷಧದ ಮೂಲಕ ದಿನಕ್ಕೆ ದೇಹ ಸೇರಬಹುದಾದ ಪಲ್ಲೇಡಿಯಂಗೆ ಅಂತರರಾಷ್ಟ್ರೀಯ ಮಿತಿ 100 ಮೈಕ್ರೋಗ್ರಾಂ. ಕೋಬಾಲ್ಟಿಗೆ 50. ಅಂದರೆ ‘ಹಸಿರು’ ಎಂದು ತಂದ ಕೋಬಾಲ್ಟನ್ನು ಪಲ್ಲೇಡಿಯಂಗಿಂತ ಎರಡು ಪಟ್ಟು ಎಚ್ಚರದಿಂದ ತೊಳೆದು ತೆಗೆಯಬೇಕು. ಕಬ್ಬಿಣಕ್ಕೆ ಅಂಥ ಮಿತಿಯನ್ನೇ ಹಾಕಿಲ್ಲ, ಅಷ್ಟು ನಿರಪಾಯ. ಹೇರಳ ಲೋಹಗಳೆಲ್ಲ ಒಂದೇ ಬುಟ್ಟಿಯವು ಎಂಬಂತೆ ಬರೆಯಬೇಡಿ. ಗಣಿಯ ವಿಷಯದಲ್ಲೂ ಹಾಗೆಯೇ. ಜಗತ್ತಿನ ಕೋಬಾಲ್ಟಿನ ಮೂರನೇ ಎರಡು ಭಾಗಕ್ಕೂ ಹೆಚ್ಚು ಬರುವುದು ಕಾಂಗೋದಿಂದ; ಅದರಲ್ಲಿ ಒಂದಿಷ್ಟನ್ನು ಮಕ್ಕಳೂ ಸೇರಿ ಬರಿಗೈಯಲ್ಲಿ ಅಗೆಯುತ್ತಾರೆ. ಕಬ್ಬಿಣವೂ ಪುಕ್ಕಟೆ ಬರಲಿಲ್ಲ ಎಂಬುದನ್ನು ಬಳ್ಳಾರಿ, ಸಂಡೂರಿನ ಕಡೆಯಿಂದ ಬಂದ ನಿಮ್ಮ ಗೆಳೆಯರನ್ನು ಕೇಳಿ. 2011ರಲ್ಲಿ ಸುಪ್ರೀಂ ಕೋರ್ಟು ಗಣಿ ನಿಲ್ಲಿಸುವ ಹೊತ್ತಿಗೆ ಅಲ್ಲಿನ ಜೋಳದ ತೆನೆ, ಮನೆಯ ಸೂರು, ಕೆರೆಯ ನೀರು ಎಲ್ಲಕ್ಕೂ ಕೆಂಪು ಧೂಳು ಮೆತ್ತಿತ್ತು. ಉಕ್ಕಿಗೆ ಹೋಗುವ ಅದಿರಿನ ಮುಂದೆ ವೇಗವರ್ಧಕಕ್ಕೆ ಬೇಕಾದದ್ದು ಏನೇನೂ ಅಲ್ಲ, ನಿಜ. ಆದರೂ ‘ಹೇರಳ’ ಎಂಬ ಪದ ಬರೆಯುವಾಗ ಆ ಊರುಗಳನ್ನು ನೆನೆಯಬೇಕು ಎಂದು ನನಗೆ ಅನ್ನಿಸುತ್ತದೆ.

ಇಷ್ಟೆಲ್ಲ ತೊಡಕು ಹೇಳಿದ ಮೇಲೆ ನೀವು ಎದೆಗುಂದಬಾರದು, ಅದಕ್ಕೆ ಒಂದು ಕೆಲಸ ಹೇಳುತ್ತೇನೆ. ಊರಿಗೆ ಹೋದಾಗ ಹೂ ಬಿಟ್ಟ ಶೇಂಗಾ ಗಿಡವೊಂದನ್ನು ಮಣ್ಣು ಸಮೇತ ಕಿತ್ತು, ಬೇರನ್ನು ನೀರಿನಲ್ಲಿ ಅಲುಗಿಸಿ ತೊಳೆಯಿರಿ. ಸಾಸಿವೆ ಕಾಳಿನಷ್ಟು ಗಂಟುಗಳು ಕಾಣುತ್ತವೆ. ಒಂದನ್ನು ಉಗುರಿನಿಂದ ಸೀಳಿ. ಒಳಗೆ ನೆತ್ತರಿನ ಬಣ್ಣ. ನಮ್ಮ ರಕ್ತದ ಹಿಮೋಗ್ಲೋಬಿನ್ನಿನ ನೆಂಟನೊಬ್ಬ ಅಲ್ಲಿ ಕಬ್ಬಿಣ ಹಿಡಿದುಕೊಂಡು ಆಮ್ಲಜನಕವನ್ನು ಅಳೆದು ಅಳೆದು ಬಿಡುತ್ತಾನೆ. ಅವನ ಕಾವಲಿನಲ್ಲಿ, ಏಳು ಕಬ್ಬಿಣ, ಒಂದು ಮಾಲಿಬ್ಡಿನಂ, ಒಂಬತ್ತು ಗಂಧಕ, ನಡುವೆ ಒಂದು ಇಂಗಾಲ ಸೇರಿದ ಪುಟ್ಟ ಗೊಂಚಲೊಂದು ಹೊಲದ ಕಾವಿನಲ್ಲೇ, ಗಾಳಿಯ ಸಹಜ ಒತ್ತಡದಲ್ಲೇ ನೈಟ್ರೋಜನ್ನಿನ ಬಂಧ ಮುರಿದು ಅಮೋನಿಯಾ ಮಾಡುತ್ತದೆ. ಆ ಗಿಡದ ಎಲೆಯಲ್ಲಿ ನಾಲ್ಕು ಮ್ಯಾಂಗನೀಸ್, ಒಂದು ಕ್ಯಾಲ್ಸಿಯಂ ಇರುವ ಇನ್ನೊಂದು ಗೊಂಚಲು ನೀರನ್ನು ಒಡೆದು ನಾವು ಉಸಿರಾಡುವ ಆಮ್ಲಜನಕ ಬಿಡುತ್ತದೆ. ಸಂಡೂರಿನ ದೇವಗಿರಿಯಲ್ಲಿ ಅಗೆಯುವ ಅದೇ ಮ್ಯಾಂಗನೀಸ್. ಪಲ್ಲೇಡಿಯಂ, ಪ್ಲಾಟಿನಂಗಳ ಗೊಡವೆಯೇ ಆ ಗಿಡಕ್ಕಿಲ್ಲ.

ಎಲೆಯೊಳಗಿನ ಈ ಗೊಂಚಲನ್ನು ನೋಡಿಯೇ ಜಕ್ಕೂರಿನ ಜವಾಹರಲಾಲ್ ನೆಹರು ಸಂಶೋಧನಾ ಕೇಂದ್ರದಲ್ಲಿ ಸಿ.ಎನ್.ಆರ್. ರಾವ್ ಅವರ ತಂಡ ಮ್ಯಾಂಗನೀಸ್ ಮತ್ತು ಕೋಬಾಲ್ಟ್ ಆಕ್ಸೈಡುಗಳಿಂದ ನೀರು ಒಡೆಯುವ ಕೆಲಸಕ್ಕೆ ಇಳಿಯಿತು. ಯಾವ ಆಕ್ಸೈಡು ಚೆನ್ನಾಗಿ ದುಡಿಯುತ್ತದೆ ಎಂದು ಹೇಳಿ ಅವರು ನಿಲ್ಲಿಸಲಿಲ್ಲ. ಲೋಹದ ಅಯಾನು ಮೂರರ ಸ್ಥಿತಿಯಲ್ಲಿದ್ದು, ಮೇಲಿನ ಜೋಡಿ ಕಕ್ಷಕದಲ್ಲಿ ಒಂದೇ ಎಲೆಕ್ಟ್ರಾನ್ ಇರುವಾಗ ಕೆಲಸ ಚೆನ್ನಾಗಿ ನಡೆಯುತ್ತದೆ ಎಂಬ ಕಾರಣವನ್ನೂ 2013ರಲ್ಲಿ ಕೊಟ್ಟರು. ಇಂಥ ಒಂದು ಕಾರಣ ಕೈಗೆ ಸಿಕ್ಕರೆ ಮುಂದಿನವರು ಸಾವಿರ ಮಿಶ್ರಣ ಕುರುಡಾಗಿ ಕಲಸುವುದು ತಪ್ಪುತ್ತದೆ.

ನಿಮ್ಮಲ್ಲಿ ಹಲವರ ಲ್ಯಾಬಿನಲ್ಲಿ ಗ್ಲವ್‌ಬಾಕ್ಸ್ ಇಲ್ಲ, ಲೋಹಾಂಶ ಅಳೆಯುವ ಯಂತ್ರಕ್ಕೆ ಬೇರೆ ಊರಿಗೆ ಮಾದರಿ ಕಳಿಸಬೇಕು ಎಂಬುದು ನನಗೆ ಗೊತ್ತು. ಗಾಳಿ ಸೋಕಿದರೆ ಸಾಯುವ ಸಂಯುಕ್ತಗಳ ಬೆನ್ನು ಹತ್ತಬೇಡಿ. ನೀರಿನಲ್ಲಿ, ಎಥನಾಲಿನಲ್ಲಿ, ತೆರೆದ ಫ್ಲಾಸ್ಕಿನಲ್ಲಿ ಬದುಕುವ ಆಕ್ಸೈಡುಗಳು, ಉಪ್ಪುಗಳು ಬೇಕಾದಷ್ಟಿವೆ. ಸೋಸಿ ತೆಗೆದ ದ್ರಾವಣದಲ್ಲಿ ಕ್ರಿಯೆ ಮುಂದುವರಿಯುತ್ತದೆಯೇ ಎಂದು ನೋಡಲು ಯಾವ ಯಂತ್ರವೂ ಬೇಡ. ಎರಡು ಬೇರೆ ಕಂಪನಿಯ ಬಾಟಲಿ ತರಿಸಲು ಹೆಚ್ಚು ದುಡ್ಡೂ ಬೇಡ. ನಡೆಯದ ಪ್ರಯೋಗಗಳನ್ನು ತಾರೀಖು, ಬಾಟಲಿಯ ಬ್ಯಾಚ್ ನಂಬರಿನ ಸಮೇತ ಬರೆದಿಡಿ. ಮಿಟಾಷ್ ಅವರ 6500ರಲ್ಲಿ ಬಹುಪಾಲು ಅಂಥವೇ ಆಗಿದ್ದವು. ನನ್ನ ಆ ತಾಮ್ರದ ನೋಟ್‌ಬುಕ್ಕಿನ ಪಾಠವನ್ನು ಇಷ್ಟು ವರ್ಷ ಯಾರಿಗೂ ಬರೆದು ತಿಳಿಸದೆ ಉಳಿದೆ. ಯಾರಾದರೂ ಅದೇ ದಾರಿಯಲ್ಲಿ ಅಷ್ಟೇ ತಿಂಗಳು ಅಲೆದಿದ್ದರೆ ಅದರಲ್ಲಿ ನನ್ನ ಪಾಲೂ ಇದೆ.

ಮುಂದಿನ ಸೋಮವಾರ ನೀವು ಲ್ಯಾಬಿಗೆ ಹೋದಾಗ ಸ್ಟೋರಿನಿಂದ ಹೊಸ ಫ್ಲಾಸ್ಕು, ಹೊಸ ಕಾಂತದ ಕಡ್ಡಿ ಕೇಳಿ ತೆಗೆದುಕೊಳ್ಳಿ. ದ್ರಾವಕ, ಬೇಸ್, ಲಿಗಾಂಡು, ಎರಡೂ ಕ್ರಿಯಾಕಾರಿಗಳನ್ನು ಅಳತೆಯಂತೆ ಹಾಕಿ. ಕಬ್ಬಿಣ ಮಾತ್ರ ಹಾಕಬೇಡಿ. ಕಾಯಿಸಿ, ರಾತ್ರಿಯಿಡೀ ತಿರುಗಲು ಬಿಟ್ಟು, ಬೆಳಿಗ್ಗೆ ಬಂದು ಟಿಎಲ್‌ಸಿ ಹಾಕಿ ನೋಡಿ. ಏನು ಕಂಡಿತೆಂದು ನನಗೆ ಬರೆಯಿರಿ. ಎರಡನೆಯ ಫ್ಲಾಸ್ಕಿನ ಮಾತು ಆಮೇಲೆ ಆಡೋಣ.

ನಿಮ್ಮವ,
ಒಬ್ಬ ಹಳೆಯ ಪ್ರೊಸೆಸ್ ಕೆಮಿಸ್ಟ್